ಜಾಮ್ ಆಯ್ತು ಅಂತ ಹೇಗೆ ಗೊತ್ತಾಗುತ್ತೆ? – ಮಾವಿನಹಣ್ಣು, ಬಾಟಲಿ ಮತ್ತು ಒಂದಿಷ್ಟು ಲೆಕ್ಕ

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿಯಲ್ಲಿ ಸಲ್ಯೂಷನ್ಸ್ ಅಂತ ಒಂದು ಪಾಠ ಇತ್ತಲ್ಲ, ಅದರಲ್ಲಿ ಕುದಿಬಿಂದು ಏರಿಕೆಯ ಲೆಕ್ಕ ನಾವೆಲ್ಲ ಮಾಡಿದ್ದೇವೆ. ನೀರಿಗೆ ಇಷ್ಟು ಗ್ರಾಂ ಸಕ್ಕರೆ ಹಾಕಿದರೆ ಅದು ಎಷ್ಟು ಡಿಗ್ರಿಗೆ ಕುದಿಯುತ್ತೆ? ಉತ್ತರ ಬರೆದು, ಸಿಇಟಿ ಮುಗಿಸಿ, ಅದನ್ನ ಅಲ್ಲೇ ಬಿಟ್ಟು ಬಂದಿದ್ದೇವೆ. ಆದರೆ ಆ ಲೆಕ್ಕ ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ದಿನಾ ನಡೀತಿತ್ತು. ಅವರು ಅದಕ್ಕೆ ಇಟ್ಟಿದ್ದ ಹೆಸರು ‘ಪಾಕ’. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ – ಇವೆಲ್ಲ ಸಕ್ಕರೆಯ ಸಾಂದ್ರತೆಯ ಅಳತೆಗಳೇ. ಥರ್ಮಾಮೀಟರ್ ಬದಲು ಎರಡು ಬೆರಳು, ಅಷ್ಟೇ ವ್ಯತ್ಯಾಸ.

ಈ ಸಲ ನಾವು ಮಾವಿನಹಣ್ಣಿನ ಜಾಮ್ ಮಾಡಿ, ಬಾಟಲಿಗೆ ತುಂಬಿ, ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಡೋದು ಹೇಗೆ ಅಂತ ನೋಡೋಣ. ರೆಸಿಪಿ ಯಾರು ಬೇಕಾದರೂ ಕೊಡ್ತಾರೆ. ಒಂದೊಂದು ಹೆಜ್ಜೆ ಯಾಕೆ ಇದೆ, ಅದನ್ನ ಬಿಟ್ಟರೆ ಏನಾಗುತ್ತೆ ಅನ್ನೋದು ನಮಗೆ ಬೇಕಾಗಿರೋದು. ಬಾಟಲಿಗೆ ತುಂಬಿ ಮುಚ್ಚಳ ಹಾಕಿದ ಮೇಲೆ ಅದನ್ನ ತಿನ್ನೋದು ನಾವು ಮಾತ್ರ ಅಲ್ಲ. ರೂಮ್‌ಮೇಟ್ ತಿಂತಾನೆ, ಮನೆಗೆ ಕಳಿಸಿದರೆ ತಂಗಿ ತಿಂತಾಳೆ. ಹಾಗಾಗಿ ‘ಸುಮಾರಾಗಿ ಸರಿ ಇದೆ’ ಅನ್ನೋದು ಇಲ್ಲಿ ಸಾಲದು.

ಜಾಮ್ ಅಂದರೆ ಬ್ರಿಟಿಷರ ತಿಂಡಿ ಅಂದುಕೊಳ್ಳೋರು ಉತ್ತರ ಕರ್ನಾಟಕದ ಗೆಳೆಯರನ್ನ ಕೇಳಿ. ಮಾವಿನಕಾಯಿ ತುರಿದು, ಬೆಲ್ಲ ಹಾಕಿ ಕುದಿಸಿ, ಏಲಕ್ಕಿ ಬೆರೆಸಿ ಮಾಡೋ ಗುಳಂಬ ಅವರ ಮನೆಗಳಲ್ಲಿ ಬೇಸಿಗೆಯಲ್ಲಿ ತಯಾರಾದರೆ ವರ್ಷವಿಡೀ ಚಪಾತಿ ಜೊತೆ ಬರುತ್ತೆ. ಕರಾವಳಿ, ಮಲೆನಾಡಿನ ಕಡೆ ಮಾವಿನಹಣ್ಣಿನ ರಸವನ್ನ ಚಾಪೆ ಮೇಲೆ ಪದರ ಪದರವಾಗಿ ಹಚ್ಚಿ ಬಿಸಿಲಲ್ಲಿ ಒಣಗಿಸಿ ಮಾಂಬಳ ಮಾಡ್ತಾರೆ. ಎರಡರ ಹಿಂದಿನ ತತ್ವ ಒಂದೇ: ನೀರನ್ನ ಓಡಿಸು, ಅಥವಾ ಇರೋ ನೀರನ್ನ ಕಟ್ಟಿಹಾಕು.

ಕಟ್ಟಿಹಾಕಿದ ನೀರು

ಮಾವಿನಹಣ್ಣು ಮೂರೇ ದಿನದಲ್ಲಿ ಕೊಳೆಯುತ್ತೆ, ಜಾಮ್ ಯಾಕೆ ಕೊಳೆಯಲ್ಲ? ಜಾಮ್‌ನಲ್ಲೂ ಮೂರನೇ ಒಂದು ಭಾಗ ನೀರೇ ಇದೆ. ಆದರೆ ಆ ನೀರನ್ನ ಸಕ್ಕರೆ ಹಿಡಿದಿಟ್ಟುಕೊಂಡಿರುತ್ತೆ, ಸೂಕ್ಷ್ಮಜೀವಿಗಳಿಗೆ ಬಿಟ್ಟುಕೊಡಲ್ಲ. ಇದನ್ನ ಅಳೆಯೋದಕ್ಕೆ ‘ವಾಟರ್ ಆ್ಯಕ್ಟಿವಿಟಿ’ ಅಂತ ಒಂದು ಸಂಖ್ಯೆ ಇದೆ. ಶುದ್ಧ ನೀರಿಗೆ ಅದು 1. ತಾಜಾ ಹಣ್ಣಿಗೆ 0.97ರ ಮೇಲೆ. ಸರಿಯಾಗಿ ಕುದಿಸಿದ ಜಾಮ್‌ಗೆ ಸುಮಾರು 0.8. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಬೆಳೆಯೋಕೆ 0.91ಕ್ಕಿಂತ ಹೆಚ್ಚು ಬೇಕು. ಹಾಗಾಗಿ ಜಾಮ್‌ನಲ್ಲಿ ಬಿದ್ದ ಬ್ಯಾಕ್ಟೀರಿಯಾ ಸಮುದ್ರದ ಮಧ್ಯೆ ಬಾಯಾರಿಕೆಯಿಂದ ಕೂತವನ ಹಾಗೆ. ಸುತ್ತಲೂ ನೀರು, ಕುಡಿಯೋಕೆ ಹನಿ ಇಲ್ಲ.

ಬೂಷ್ಟಿಗೆ (ಫಂಗಸ್ಸಿಗೆ) ಮಾತ್ರ ಈ ಬೇಲಿ ಸಾಲದು. ಕೆಲವು ಬೂಷ್ಟು 0.8ರ ಕೆಳಗೂ ಆರಾಮಾಗಿ ಬೆಳೆಯುತ್ತವೆ. ಆದರೆ ಅವಕ್ಕೆ ಗಾಳಿ ಬೇಕು. ಆದ್ದರಿಂದ ಸಕ್ಕರೆ ಬ್ಯಾಕ್ಟೀರಿಯಾವನ್ನ ನೋಡಿಕೊಳ್ಳುತ್ತೆ, ಮುಚ್ಚಳ ಬೂಷ್ಟನ್ನ ನೋಡಿಕೊಳ್ಳುತ್ತೆ. ಮೂರನೇ ಕಾವಲುಗಾರ ಹುಳಿ. ಅದರ ಮಾತು ಸ್ವಲ್ಪ ಆಮೇಲೆ. ಎಲ್ಲಕ್ಕಿಂತ ಗಂಭೀರವಾದ ವಿಷಯ ಅದೇ.

ಈ 65 ಅನ್ನೋ ಅಂಕಿ ಎಲ್ಲಿಂದ ಬಂತು ಅಂದರೆ, ನಮ್ಮ ದೇಶದ ಆಹಾರ ನಿಯಮದಲ್ಲೇ ಇದೆ. ಎಫ್‌ಎಸ್‌ಎಸ್‌ಎಐ ಪ್ರಕಾರ ‘ಜಾಮ್’ ಅಂತ ಹೆಸರಿಟ್ಟು ಮಾರಬೇಕಾದರೆ ಅದರಲ್ಲಿ ಕರಗಿದ ಘನಪದಾರ್ಥ ಕನಿಷ್ಠ ಶೇ. 65 ಇರಬೇಕು, ಹಣ್ಣು ಕನಿಷ್ಠ ಶೇ. 45 ಇರಬೇಕು (ಸ್ಟ್ರಾಬೆರಿಯಂಥ ಒಂದೆರಡು ಹಣ್ಣಿಗೆ ರಿಯಾಯಿತಿ ಇದೆ). ಅಂಗಡಿಯ ಬಾಟಲಿ ತಿರುಗಿಸಿ ಹಿಂದಿನ ಲೇಬಲ್ ಓದಿ. ನಾವು ಮನೆಯಲ್ಲಿ ಮಾಡೋದರಲ್ಲಿ ಹಣ್ಣಿನ ಪಾಲು ಇದಕ್ಕಿಂತ ಎಷ್ಟೋ ಜಾಸ್ತಿ.

ಹೆಪ್ಪುಗಟ್ಟೋದು ಹೇಗೆ

ಸಕ್ಕರೆ ಪಾಕಕ್ಕೂ ಜಾಮ್‌ಗೂ ವ್ಯತ್ಯಾಸ ಪೆಕ್ಟಿನ್. ಸಸ್ಯಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿರೋ ಗಾರೆ ಅದು. ರಾಸಾಯನಿಕವಾಗಿ ನೋಡಿದರೆ ಗ್ಯಾಲಕ್ಟುರೋನಿಕ್ ಆ್ಯಸಿಡ್ಡಿನ ಉದ್ದ ಸರಪಳಿ, ಅಂದರೆ ಒಂದು ಪಾಲಿಮರ್. ಸರಪಳಿಯುದ್ದಕ್ಕೂ ಕಾರ್ಬಾಕ್ಸಿಲ್ ಗುಂಪುಗಳಿವೆ. ಹುಳಿ ಕಡಿಮೆ ಇದ್ದಾಗ ಅವು ಪ್ರೋಟಾನ್ ಬಿಟ್ಟುಕೊಟ್ಟು ಋಣ ಆವೇಶ ಹೊತ್ತಿರುತ್ತವೆ, ಹಾಗಾಗಿ ಸರಪಳಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಹುಳಿ ಹಾಕಿ ಪಿಎಚ್ 3.5ರ ಕೆಳಗೆ ಇಳಿಸಿದರೆ ಪ್ರೋಟಾನ್ ವಾಪಸ್ ಬಂದು ಕೂರುತ್ತೆ, ಜಗಳ ತಣ್ಣಗಾಗುತ್ತೆ. ಅದೇ ಹೊತ್ತಿಗೆ ಸಕ್ಕರೆ ಸುತ್ತಲಿನ ನೀರನ್ನ ಎಳೆದುಕೊಳ್ಳುತ್ತೆ. ಆಗ ಸರಪಳಿಗಳು ಹತ್ತಿರ ಬಂದು, ಅಲ್ಲಲ್ಲಿ ಕೈ ಹಿಡಿದು, ಒಂದು ಬಲೆ ಆಗುತ್ತೆ. ಆ ಬಲೆಯಲ್ಲಿ ಸಿಕ್ಕಿಕೊಂಡ ಪಾಕವೇ ಜಾಮ್.

ಮೂರೂ ಒಟ್ಟಿಗೆ ಬೇಕು: ಪೆಕ್ಟಿನ್, ಹುಳಿ, ಸಕ್ಕರೆ. ‘ಸಿಹಿ ಕಮ್ಮಿ ಇರಲಿ’ ಅಂತ ಸಕ್ಕರೆ ಅರ್ಧ ಮಾಡಿದರೆ ರುಚಿ ಬದಲಾಗೋದು ಮಾತ್ರ ಅಲ್ಲ, ಬಲೆಯೂ ಕಟ್ಟಲ್ಲ, ಬ್ಯಾಕ್ಟೀರಿಯಾ ತಡೆಯೋ ಬೇಲಿಯೂ ಬೀಳುತ್ತೆ. ಸಕ್ಕರೆ ಕಡಿಮೆ ಮಾಡಬೇಕು ಅನ್ನೋರು ಮಾಡಿ, ಆದರೆ ಅದನ್ನ ಫ್ರಿಜ್‌ನಲ್ಲಿಟ್ಟು ಬೇಗ ತಿಂದು ಮುಗಿಸಿ.

ಕಾಯಿ ಹಣ್ಣಾಗ್ತಾ ಹೋದ ಹಾಗೆ ಅದರ ಪೆಕ್ಟಿನ್ ಒಡೆಯುತ್ತೆ, ಹುಳಿಯೂ ಇಳಿಯುತ್ತೆ. ಕೈಗೆ ಮೆತ್ತಗಾದ ಹಣ್ಣು ತಿನ್ನೋಕೆ ಚೆಂದ, ಜಾಮ್‌ಗೆ ಬಡವ. ಅಮೆರಿಕದಲ್ಲಿ ಪೀಚ್ ಹಣ್ಣಿನ ಜಾಮ್ ಮಾಡೋರಿಗೂ ಇದೇ ತೊಂದರೆ. ಪೀಚ್‌ನಲ್ಲಿ ಪೆಕ್ಟಿನ್ ಕಡಿಮೆ, ಅದಕ್ಕೆ ಅವರು ಪೊಟ್ಟಣದ ಪೆಕ್ಟಿನ್ ಮತ್ತು ನಿಂಬೆರಸ ಹಾಕ್ತಾರೆ. ನಮಗೆ ಪೊಟ್ಟಣ ಬೇಡ. ಅದೇ ಮರದ ಕಾಯಿ ಇದೆಯಲ್ಲ. ಏಳು ಪಾಲು ಹಣ್ಣಿಗೆ ಒಂದು ಪಾಲಿನಷ್ಟು ಮಾವಿನಕಾಯಿ ಬೇಯಿಸಿ ಸೇರಿಸಿದರೆ ಪೆಕ್ಟಿನ್ನೂ ಬಂತು, ಹುಳಿಯೂ ಬಂತು. ಗುಳಂಬ ಪೊಟ್ಟಣದ ಹಂಗಿಲ್ಲದೆ ಗಟ್ಟಿಯಾಗೋದರ ಗುಟ್ಟೂ ಇದೇ.

ತಳಿಯ ವಿಷಯ: ಬಾದಾಮಿ ಬಣ್ಣ, ಪರಿಮಳ ಎರಡೂ ಕೊಡುತ್ತೆ, ಆದರೆ ದುಬಾರಿ, ಅದನ್ನ ಕುದಿಸೋಕೆ ಮನಸ್ಸೂ ಬರಲ್ಲ. ರಸಪುರಿ ರಸಕ್ಕೇ ಸರಿ. ನಮ್ಮ ಮತ ತೋತಾಪುರಿಗೆ, ಅಂದರೆ ಗಿಣಿಮೂತಿಗೆ. ನಾರು ಕಡಿಮೆ, ತಿರುಳು ಜಾಸ್ತಿ, ಹುಳಿ ಸ್ವಲ್ಪ ಉಳಿದಿರುತ್ತೆ, ಅಗ್ಗ. ಜ್ಯೂಸ್ ಕಂಪನಿಗಳಿಗೆ ಹೋಗೋ ತಿರುಳಿನಲ್ಲಿ ಇದರದ್ದೇ ದೊಡ್ಡ ಪಾಲು.

ತೋತಾಪುರಿ ಅಂದ ಕೂಡಲೇ ಕೋಲಾರದ ಗೆಳೆಯರ ಮುಖ ಯಾಕೆ ಬದಲಾಗುತ್ತೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಶ್ರೀನಿವಾಸಪುರದ ಸುತ್ತಮುತ್ತ ಬೆಳೆಯೋ ತೋತಾಪುರಿಗೆ ದೊಡ್ಡ ಗಿರಾಕಿ ಅಂದರೆ ಗಡಿಯಾಚೆ ಚಿತ್ತೂರಿನ ತಿರುಳು ಕಾರ್ಖಾನೆಗಳು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ತಡೆ ಹಾಕಿತು, ನಮ್ಮ ಕಡೆ ಬೆಲೆ ಕುಸಿಯಿತು, ಕೊನೆಗೆ ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸ ತುಂಬಿಕೊಡೋ ಯೋಜನೆಗೆ ಒಪ್ಪಬೇಕಾಯ್ತು. ಹಣ್ಣು ಕಾಯಲ್ಲ. ಉಕ್ಕಿನ ಬೆಲೆ ಬಿದ್ದರೆ ಗೋದಾಮಿನಲ್ಲಿಟ್ಟು ಕಾಯಬಹುದು. ಮಾವು ಮರದಿಂದ ಇಳಿದ ಮೇಲೆ ಗಡಿಯಾರ ಓಡ್ತಾ ಇರುತ್ತೆ. ಆ ಗಡಿಯಾರ ನಿಲ್ಲಿಸೋ ಯಂತ್ರ ಯಾರ ಹತ್ತಿರ ಇದೆಯೋ ಬೆಲೆ ಹೇಳೋದು ಅವರೇ. ನಾವು ಹತ್ತು ಬಾಟಲಿ ಜಾಮ್ ಮಾಡಿದರೆ ಯಾವ ರೈತನಿಗೂ ಏನೂ ಆಗಲ್ಲ, ಆ ಭ್ರಮೆ ಬೇಡ. ಆದರೆ ಆ ಕಾರ್ಖಾನೆಗಳ ಒಳಗೆ ನಡೆಯೋದು ಕೂಡ ತಿರುಳು ತೆಗೆಯೋದು, ಬಿಸಿ ಮಾಡೋದು, ಗಾಳಿ ಹೋಗದಂತೆ ಮುಚ್ಚೋದು. ಅದೇನು ರಾಕೆಟ್ ಅಲ್ಲ. ಮೆಕ್ಯಾನಿಕಲ್, ಕೆಮಿಕಲ್ ಬ್ರಾಂಚಿನವರು ಪ್ರಾಜೆಕ್ಟ್ ವಿಷಯ ಹುಡುಕ್ತಾ ಇದ್ದರೆ ಇದನ್ನೊಮ್ಮೆ ಯೋಚಿಸಬಹುದು. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ಇಡೀ ದೇಶಕ್ಕೆ ಆಹಾರ ತಂತ್ರಜ್ಞಾನ ಹೇಳಿಕೊಡೋ ಸಂಸ್ಥೆ; ನಮ್ಮಲ್ಲಿ ಎಷ್ಟೋ ಜನ ಅದರ ಗೇಟಿನ ಮುಂದೆಯೇ ಬಸ್ಸಲ್ಲಿ ಹೋಗಿರ್ತೀವಿ.

ತೂಕದ ಲೆಕ್ಕ

ಒಂದು ಬ್ಯಾಚಿಗೆ ಬೇಕಾಗಿರೋದು: ಜರಡಿ ಹಿಡಿದ ಹಣ್ಣಿನ ತಿರುಳು 875 ಗ್ರಾಂ, ಬೇಯಿಸಿ ಮಸೆದ ಮಾವಿನಕಾಯಿ 125 ಗ್ರಾಂ, ಸಕ್ಕರೆ 750 ಗ್ರಾಂ, ನಿಂಬೆರಸ 50 ಗ್ರಾಂ. ಒಟ್ಟು 1,800 ಗ್ರಾಂ. (ಎರಡು ಕೆಜಿ ಹಣ್ಣು ತಂದರೆ ತಿರುಳಿಗೆ ಕೊರತೆ ಆಗಲ್ಲ. ಹೆಚ್ಚಾಗಿದ್ದನ್ನ ಹಾಗೇ ತಿನ್ನಿ.)

ಈಗ ಮಾಸ್ ಬ್ಯಾಲೆನ್ಸ್. ತಿರುಳಿನಲ್ಲಿ ಕರಗಿದ ಘನಪದಾರ್ಥ ಸುಮಾರು ಶೇ. 15 ಅಂತ ಇಟ್ಟುಕೊಳ್ಳೋಣ, ಅಂದರೆ 150 ಗ್ರಾಂ. ಅದಕ್ಕೆ ಸಕ್ಕರೆ 750. ಒಟ್ಟು 900 ಗ್ರಾಂ. ಕುದಿಸಿದಾಗ ಹೋಗೋದು ನೀರು ಮಾತ್ರ, ಈ 900 ಎಲ್ಲೂ ಹೋಗಲ್ಲ. ನಿಯಮ 65 ಅನ್ನುತ್ತೆ, ನಾವು ಸ್ವಲ್ಪ ಮುಂಜಾಗ್ರತೆಗೆ 67 ಇಟ್ಟುಕೊಂಡರೆ, ಕೊನೆಯ ತೂಕ 900 ÷ 0.67 = ಸುಮಾರು 1,340 ಗ್ರಾಂ. ಅಂದರೆ 460 ಗ್ರಾಂ ನೀರು ಆವಿಯಾಗಬೇಕು.

ಇಷ್ಟು ಗೊತ್ತಾದರೆ ಜಾಮ್ ಆಯ್ತಾ ಇಲ್ವಾ ಅನ್ನೋ ಪ್ರಶ್ನೆಗೆ ಅತ್ಯಂತ ಅಗ್ಗದ, ಅತ್ಯಂತ ನಂಬಬಹುದಾದ ಉತ್ತರ ಸಿಕ್ಕಿತು: ತಕ್ಕಡಿ. ಪಾತ್ರೆ ಮತ್ತು ಸೌಟಿನ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಜಾಮ್ ದಪ್ಪ ಆಗ್ತಾ ಬಂದಾಗ ಒಲೆ ಆರಿಸಿ, ಪಾತ್ರೆ ಸಮೇತ ಎತ್ತಿ ಅಡುಗೆ ತಕ್ಕಡಿ ಮೇಲಿಟ್ಟ ಮಣೆಯ ಮೇಲೆ ಇಡಿ. 1,340 ಬಂತಾ? ಆಯ್ತು. ಇನ್ನೂ 1,420 ಇದೆಯಾ? ವಾಪಸ್ ಒಲೆಗೆ. ರೆಸಿಪಿ ವಿಡಿಯೋಗಳಲ್ಲಿ ಇದನ್ನ ಯಾರೂ ಯಾಕೆ ಮಾಡಲ್ಲ ಅಂತ ನಮಗೆ ಇವತ್ತಿಗೂ ಅರ್ಥ ಆಗಿಲ್ಲ.

ಗ್ಯಾಸ್ ಎಷ್ಟು ಖರ್ಚಾಗುತ್ತೆ ಅಂತ ಪಿಜಿ ಆಂಟಿ ಕೇಳಿದರೆ ಅದಕ್ಕೂ ಉತ್ತರ ಇದೆ. 0.46 ಕೆಜಿ ನೀರನ್ನ ಆವಿ ಮಾಡೋಕೆ 0.46 × 2,257 = ಸುಮಾರು 1,040 ಕಿಲೋಜೌಲ್. ಮೊದಲು ಅಷ್ಟನ್ನೂ ಕುದಿಯೋ ಮಟ್ಟಕ್ಕೆ ತರೋಕೆ ಇನ್ನೊಂದು 400. ಒಲೆಯ ದಕ್ಷತೆ ಶೇ. 65 ಅಂದುಕೊಂಡರೆ 2,200 ಕಿಲೋಜೌಲ್ ಚಿಲ್ಲರೆ. ಎಲ್‌ಪಿಜಿ ಕೆಜಿಗೆ 46 ಮೆಗಾಜೌಲ್ ಕೊಡುತ್ತೆ. ಹತ್ತಿರ ಹತ್ತಿರ 50 ಗ್ರಾಂ ಗ್ಯಾಸ್. ಸಿಲಿಂಡರಿನಲ್ಲಿ 14.2 ಕೆಜಿ ಇರುತ್ತೆ, ಆಂಟಿ ಒಪ್ಪಬಹುದು.

ಬೆಂಗಳೂರಿನಲ್ಲಿ 105 ಡಿಗ್ರಿ ತಪ್ಪು

ಥರ್ಮಾಮೀಟರ್ ಇರೋರು ಪುಸ್ತಕದಲ್ಲಿ ಓದಿರ್ತೀರಿ: ಜಾಮ್ 104.5ರಿಂದ 105 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಆಯ್ತು ಅಂತ. ಈ ಸಂಖ್ಯೆ ಸಮುದ್ರಮಟ್ಟದ್ದು. ಮಂಗಳೂರಿನವರಿಗೆ ಸರಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ; ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಇಲ್ಲಿ ನೀರು ಕುದಿಯೋದೇ 97ಕ್ಕೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಆದ್ದರಿಂದ ಸೂತ್ರ ಹೀಗೆ: ನಿಮ್ಮೂರಲ್ಲಿ ನೀರು ಎಷ್ಟಕ್ಕೆ ಕುದಿಯುತ್ತೋ ಅದಕ್ಕಿಂತ 4.5 ಡಿಗ್ರಿ ಮೇಲೆ. ಬೆಂಗಳೂರಿಗೆ ಅದು 101.5.

ಇಲ್ಲೇ ಕೂತು 105 ಬರಲಿ ಅಂತ ಕಾದರೆ ಏನಾಗುತ್ತೆ? ನೀರಿಗಿಂತ 8 ಡಿಗ್ರಿ ಮೇಲೆ ಹೋದ ಹಾಗಾಯ್ತು. ಆಗ ಸಕ್ಕರೆ ಶೇ. 75 ದಾಟಿರುತ್ತೆ. ಸಿಗೋದು ಬಾಟಲಿಯಲ್ಲಿ ಹೆಪ್ಪುಗಟ್ಟಿದ ಚಾಕಲೇಟ್ ಥರದ್ದು, ಚಮಚ ಬಗ್ಗುತ್ತೆ. ಅದಕ್ಕೆ ಮೊದಲು ಥರ್ಮಾಮೀಟರನ್ನ ಕುದಿಯೋ ನೀರಲ್ಲಿ ಅದ್ದಿ ಎಷ್ಟು ತೋರಿಸುತ್ತೆ ಅಂತ ಬರೆದುಕೊಳ್ಳಿ. ಮೀಟರಿನ ದೋಷವೂ ಊರಿನ ಎತ್ತರವೂ ಒಂದೇ ಏಟಿಗೆ ಸರಿಹೋಗುತ್ತೆ. ಇದನ್ನ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಷನ್ ಅಂತ ಹೇಳಿ ವೈವಾದಲ್ಲಿ ಎರಡು ಮಾರ್ಕ್ಸ್ ಕೊಡ್ತಾರೆ.

ಈಗ ಪಿಯುಸಿ ಸೂತ್ರಕ್ಕೆ ಬರೋಣ. ಶೇ. 67 ಸಕ್ಕರೆ ಅಂದರೆ 33 ಗ್ರಾಂ ನೀರಿಗೆ 67 ಗ್ರಾಂ ಸುಕ್ರೋಸ್. ಮೋಲಾಲಿಟಿ ಸುಮಾರು 5.9. ಅದನ್ನ 0.512ರಿಂದ ಗುಣಿಸಿದರೆ ಏರಿಕೆ ಬರೋದು 3 ಡಿಗ್ರಿ ಮಾತ್ರ. ಪಾತ್ರೆ ಮಾತ್ರ 4.5 ತೋರಿಸ್ತಾ ಇದೆ. ಯಾರು ಸುಳ್ಳು? ಇಬ್ಬರೂ ಅಲ್ಲ. ಒಂದು, ಆ ಸೂತ್ರ ತೆಳು ದ್ರಾವಣಕ್ಕೆ ಬರೆದದ್ದು. ಇಷ್ಟು ಗಟ್ಟಿ ಪಾಕದಲ್ಲಿ ಸಕ್ಕರೆ ನೀರನ್ನ ಸೂತ್ರ ಹೇಳೋದಕ್ಕಿಂತ ಬಿಗಿಯಾಗಿ ಹಿಡಿಯುತ್ತೆ. ಎರಡು, ಹುಳಿ ಜೊತೆ ಕುದಿಯುವಾಗ ಒಂದು ಸುಕ್ರೋಸ್ ಅಣು ಒಡೆದು ಗ್ಲೂಕೋಸ್ ಒಂದು, ಫ್ರಕ್ಟೋಸ್ ಒಂದು ಆಗುತ್ತೆ. ಅಣುಗಳ ಸಂಖ್ಯೆ ಹೆಚ್ಚಿತು, ಕುದಿಬಿಂದು ಮೇಲೆ ಹೋಯ್ತು. ಎಲ್ಲಾ ಸಕ್ಕರೆಯೂ ಒಡೆದರೆ ಸೂತ್ರವೇ 6 ಡಿಗ್ರಿ ಹತ್ತಿರ ಕೊಡುತ್ತೆ. ನಿಜ ಇವೆರಡರ ನಡುವೆ ಎಲ್ಲೋ ಇದೆ.

ಈ ಒಡೆಯೋದರಿಂದ ಇನ್ನೊಂದು ಲಾಭ. ನಮ್ಮ ಕೋಣೆಯ ಉಷ್ಣತೆಯಲ್ಲಿ ಬರೀ ಸುಕ್ರೋಸ್ ನೀರಿನಲ್ಲಿ ಕರಗಿ ನಿಲ್ಲೋ ಮಿತಿಯೂ ಶೇ. 67ರ ಆಸುಪಾಸು. ಅಂದರೆ ನಾವು ಅಂಚಿನ ಮೇಲೇ ನಿಂತಿದ್ದೇವೆ. ಸ್ವಲ್ಪ ಸಕ್ಕರೆ ಒಡೆದಿದ್ದರೆ ಹರಳುಗಟ್ಟಲ್ಲ. ಒಡೆಯದೇ ಇದ್ದರೆ ತಿಂಗಳಾದ ಮೇಲೆ ಜಾಮ್ ಮರಳು ಮರಳಾಗುತ್ತೆ. ಹಾಗಂತ ಗಂಟೆಗಟ್ಟಲೆ ಕುದಿಸೋದೂ ಬೇಡ, ಹುಳಿಯಲ್ಲಿ ಜಾಸ್ತಿ ಹೊತ್ತು ಬೆಂದರೆ ಪೆಕ್ಟಿನ್ ಸರಪಳಿಯೇ ತುಂಡಾಗುತ್ತೆ. ಮಾವಿನಕಾಯಿಯ ಹುಳಿ ಮೊದಲಿಂದ ಇರಲಿ, ನಿಂಬೆರಸ ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಿ.

ತಕ್ಕಡಿಯೂ ಇಲ್ಲ, ಥರ್ಮಾಮೀಟರೂ ಇಲ್ಲ ಅನ್ನೋರಿಗೆ ಹಳೇ ಉಪಾಯ: ಸ್ಟೀಲ್ ತಟ್ಟೆಯೊಂದನ್ನ ಫ್ರೀಜರಿನಲ್ಲಿಟ್ಟು, ಒಲೆ ಆರಿಸಿ, ಒಂದು ಹನಿ ಜಾಮ್ ಹಾಕಿ, ನಿಮಿಷ ಬಿಟ್ಟು ಬೆರಳಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಆಯ್ತು. ಆದರೆ ಈ ಪರೀಕ್ಷೆ ಹೇಳೋದು ಹೆಪ್ಪಿನ ವಿಷಯ, ಸಕ್ಕರೆ ಎಷ್ಟಿದೆ ಅಂತ ಅಲ್ಲ. ಪೆಕ್ಟಿನ್ ಜಾಸ್ತಿ ಇದ್ದರೆ ಶೇ. 60ಕ್ಕೇ ಸುಕ್ಕು ಬಂದುಬಿಡಬಹುದು. ಬಾಟಲಿಯಲ್ಲಿ ಇಡೋದಾದರೆ ತಕ್ಕಡಿಯನ್ನೇ ನಂಬಿ.

ಒಲೆ ಮುಂದೆ

ಪಾತ್ರೆ ಅಗಲ ಇರಲಿ, ತಳ ದಪ್ಪ ಇರಲಿ, ಸ್ಟೀಲಿನದೇ ಆಗಿರಲಿ. ಅಲ್ಯುಮಿನಿಯಂ ಮತ್ತು ಹುಳಿಗೆ ಆಗಿಬರಲ್ಲ. ಎರಡರಷ್ಟು ಜಾಮ್ ಬೇಕು ಅಂತ ಎರಡು ಬ್ಯಾಚ್ ಒಟ್ಟಿಗೆ ಹಾಕಬೇಡಿ: ಅದೇ ಪಾತ್ರೆಯಲ್ಲಿ ಹಣ್ಣು ದುಪ್ಪಟ್ಟಾದರೂ ಆವಿ ಹೋಗೋ ಮೇಲ್ಮೈ ಅಷ್ಟೇ ಇರುತ್ತೆ. ಹೊತ್ತು ದುಪ್ಪಟ್ಟಾಗುತ್ತೆ, ಬಣ್ಣ ಕಂದುಗಟ್ಟುತ್ತೆ, ಮಾವಿನ ಪರಿಮಳ ಹೋಗಿ ಬೆಲ್ಲದ ವಾಸನೆ ಬರುತ್ತೆ.

ಮಾವಿನಕಾಯಿ ಸಿಪ್ಪೆ ತೆಗೆದು, ಸ್ವಲ್ಪ ನೀರಲ್ಲಿ ಮೆತ್ತಗೆ ಬೇಯಿಸಿ ಮಸೆಯಿರಿ. ಹಣ್ಣಿನ ತಿರುಳು ಸೇರಿಸಿ ಹತ್ತು ನಿಮಿಷ ಕುದಿಸಿ, ಆಮೇಲೆ ಸಕ್ಕರೆ. ಸಕ್ಕರೆ ಪೂರ್ತಿ ಕರಗೋವರೆಗೆ ಸಣ್ಣ ಉರಿ, ಕರಗಿದ ಮೇಲೆ ದೊಡ್ಡ ಉರಿ. ಕೊನೆಗೆ ಮತ್ತೆ ಸಣ್ಣದು. ಯಾಕಂದರೆ ದಪ್ಪ ಆದ ಮೇಲೆ ಅದರೊಳಗೆ ಸಂವಹನ ಸತ್ತುಹೋಗುತ್ತೆ. ತಳದ ಶಾಖ ಮೇಲೆ ಬರೋಕೆ ಸೌಟೊಂದೇ ದಾರಿ. ತಳ ಕೆರೆಯೋ ಹಾಗೆ ಕೈಯಾಡಿಸ್ತಾನೇ ಇರಿ. (ವಿಸ್ಕಾಸಿಟಿಗೆ ಕನ್ನಡದಲ್ಲಿ ‘ಸ್ನಿಗ್ಧತೆ’ ಅಂತ ಪುಸ್ತಕ ಹೇಳುತ್ತೆ. ನಮ್ಮಮ್ಮಂದಿರು ಹೇಳೋದು ‘ಸೌಟು ಎಳೀತಾ ಇದೆ’ ಅಂತ. ನಮಗೆ ಎರಡನೇದೇ ಇಷ್ಟ.) ಈ ಹಂತದಲ್ಲಿ ಜಾಮ್ ಕೊತಕೊತ ಅಂತ ಸಿಡಿಯುತ್ತೆ. ನೀರು ಸಿಡಿದರೆ ಜಾರಿ ಹೋಗುತ್ತೆ, ಜಾಮ್ ಅಂಟಿಕೊಂಡು ಸುಡುತ್ತೆ. ಉದ್ದ ಹಿಡಿಯ ಸೌಟು, ತುಂಬು ತೋಳಿನ ಅಂಗಿ, ಪಕ್ಕದಲ್ಲಿ ತಣ್ಣೀರು – ಮೂರನ್ನೂ ಮೊದಲೇ ಹೊಂದಿಸಿ.

ಹುಳಿ ಯಾಕೆ ಪ್ರಾಣದ ಪ್ರಶ್ನೆ

ಮಣ್ಣಿನಲ್ಲಿ ಎಲ್ಲೆಲ್ಲೂ ಇರೋ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಬಾಟುಲಿನಂ. ಗಾಳಿ ಇದ್ದರೆ ಅದು ಬೆಳೆಯಲ್ಲ, ಬೀಜದಂತೆ ಸುಮ್ಮನೆ ಮಲಗಿರುತ್ತೆ. ಆ ಬೀಜ, ಅಂದರೆ ಸ್ಪೋರ್, ಕುದಿಯೋ ನೀರಿಗೂ ಸಾಯಲ್ಲ. ಅದಕ್ಕೆ 121 ಡಿಗ್ರಿ ಬೇಕು. ಬಾಟಲಿಯ ಗಾಳಿ ತೆಗೆದು ಗಟ್ಟಿಯಾಗಿ ಮುಚ್ಚೋದು ಅಂದರೆ ನಾವೇ ಅದಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ಅದು ಬಿಡೋ ವಿಷ ನರಗಳನ್ನ ನಿಲ್ಲಿಸಿ ಉಸಿರಾಟವನ್ನೇ ಕಟ್ಟಿಸಬಲ್ಲದು. ಬಣ್ಣ, ವಾಸನೆ, ರುಚಿ ನೋಡಿ ಕಂಡುಹಿಡಿಯೋಕೆ ಆಗುತ್ತೆ ಅಂತ ನಂಬೋ ಹಾಗಿಲ್ಲ.

ಅದನ್ನ ತಡೆಯೋ ಗೆರೆ ಪಿಎಚ್ 4.6. ಅದಕ್ಕಿಂತ ಹುಳಿ ಇದ್ದರೆ ಆ ಸ್ಪೋರ್ ಮೊಳೆಯಲ್ಲ. ಜಾಮ್‌ನಲ್ಲಿ ಸಕ್ಕರೆಯ ಬೇಲಿಯೂ ಇರೋದರಿಂದ ನಮಗೆ ಎರಡು ಬೀಗ. ಆದರೂ ಚೆನ್ನಾಗಿ ಹಣ್ಣಾದ ಮಾವಿನ ಪಿಎಚ್ 4.6ರ ಆಚೆಗೂ ಹೋಗಬಹುದು, ಹಾಗಾಗಿ ನಿಂಬೆರಸ ‘ಬೇಕಿದ್ದರೆ’ ಅನ್ನೋ ಪಟ್ಟಿಯಲ್ಲಿಲ್ಲ. ಪಿಎಚ್ ಪಟ್ಟಿ ತಂದು ಅಳೆಯಿರಿ, 3.2ರಿಂದ 3.5ರ ಒಳಗೆ ಇದ್ದರೆ ಹೆಪ್ಪಿಗೂ ಒಳ್ಳೇದು, ಜೀವಕ್ಕೂ ಒಳ್ಳೇದು. ಕೆಮಿಸ್ಟ್ರಿ ಲ್ಯಾಬಿನ ಮೀಟರಿನಲ್ಲಿ ನೋಡ್ತೀವಿ ಅಂದರೆ ಒಂದು ಚಮಚ ಸ್ಯಾಂಪಲ್ ಲ್ಯಾಬಿಗೆ ಹೋಗಲಿ, ಅಲ್ಲೇ ಚೆಲ್ಲಿ ಬನ್ನಿ. ಲ್ಯಾಬಿನ ಬೀಕರ್ ಅಡುಗೆಮನೆಗೆ ಬರೋದು ಬೇಡ.

ಇದೇ ಕಾರಣಕ್ಕೆ ‘ಮಾವಿನ ಬದಲು ಪಪ್ಪಾಯ ಹಾಕೋಣ, ಬಾಳೆ ಹಾಕೋಣ, ಕ್ಯಾರೆಟ್ ಹಾಕೋಣ’ ಅನ್ನೋ ಉತ್ಸಾಹಕ್ಕೆ ನಮ್ಮ ಉತ್ತರ: ಹಾಕಿ, ಆದರೆ ಫ್ರಿಜ್‌ನಲ್ಲಿಡಿ. ಅವು ಹುಳಿ ಇಲ್ಲದವು. ತರಕಾರಿ, ತೆಂಗಿನಕಾಯಿ, ಬೆಳ್ಳುಳ್ಳಿ ಎಣ್ಣೆಯಂಥದ್ದನ್ನ ಮನೆಯಲ್ಲಿ ಬಾಟಲಿಗೆ ತುಂಬಿ ಕಪಾಟಿನಲ್ಲಿಡೋದನ್ನ ಮಾಡಲೇಬೇಡಿ. ಕುಕ್ಕರಿನಲ್ಲಿ ಮೂರು ಸೀಟಿ ಹಾಕಿಸಿದರೆ 121 ಬಂತಲ್ಲ ಅಂತ ವಾದ ಮಾಡೋರಿಗೆ: ಕುಕ್ಕರಿನ ಆವಿ 120ರ ಹತ್ತಿರ ಹೋಗುತ್ತೆ ನಿಜ, ಬಾಟಲಿಯ ನಟ್ಟನಡುವಿನ ಅನ್ನೋದು ಬೇರೆ ಜಾಗ. ಅಲ್ಲಿಗೆ ಶಾಖ ಎಷ್ಟು ಹೊತ್ತಿಗೆ ಮುಟ್ಟುತ್ತೆ ಅಂತ ಅಳೆದು ನೋಡದೆ ಹೇಳೋ ಹಾಗಿಲ್ಲ.

ಬಾಟಲಿ, ಮುಚ್ಚಳ, ನಿರ್ವಾತ

ಬಾಟಲಿಯಲ್ಲಿ ಆಹಾರ ಮುಚ್ಚಿ ಕುದಿಸಿ ಕಾಪಾಡೋ ವಿದ್ಯೆ ನಿಕೋಲಾ ಅಪೇರ್ ಅನ್ನೋ ಫ್ರೆಂಚ್ ಮಿಠಾಯಿಗಾರನದ್ದು. 1810ರಲ್ಲಿ ಅವನಿಗೆ ಫ್ರೆಂಚ್ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಸ್ವಾರಸ್ಯ ಏನಂದರೆ ಅದು ಯಾಕೆ ಕೆಲಸ ಮಾಡುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ, ಬಹುಮಾನ ಕೊಟ್ಟವರಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಕಥೆ ಪಾಶ್ಚರ್ ಬಿಡಿಸಿ ಹೇಳಿದ್ದು ಅರ್ಧ ಶತಮಾನ ಆದ ಮೇಲೆ. ಅಮೆರಿಕದಲ್ಲಿ 1858ರಲ್ಲಿ ಜಾನ್ ಮೇಸನ್ ತಿರುಪು ಮುಚ್ಚಳದ ಗಾಜಿನ ಜಾಡಿಗೆ ಪೇಟೆಂಟ್ ತಗೊಂಡ. ಅಲ್ಲಿನ ಹಳ್ಳಿಮನೆಗಳಲ್ಲಿ ಬೇಸಿಗೆಯ ಪೀಚ್ ಚಳಿಗಾಲಕ್ಕೆ ಉಳಿಯೋದು ಇವತ್ತಿಗೂ ಆ ಜಾಡಿಗಳಲ್ಲೇ.

ನಮಗೆ 200–250 ಗ್ರಾಂ ಹಿಡಿಯೋ ಗಾಜಿನ ಬಾಟಲಿ ಸಾಕು. ಹಳೇ ಬಾಟಲಿ ಸೀಳಿಲ್ಲದಿದ್ದರೆ ಮತ್ತೆ ಬಳಸಬಹುದು. ಮುಚ್ಚಳ ಮಾತ್ರ ಹೊಸದು ಬೇಕು. ಮುಚ್ಚಳದ ಒಳಗಿರೋ ಮೆತ್ತನೆ ಉಂಗುರ ಒಂದು ಸಲ ಬಿಸಿಯಲ್ಲಿ ಒತ್ತಿಸಿಕೊಂಡ ಮೇಲೆ ಎರಡನೇ ಬಾಯಿಗೆ ಸರಿಯಾಗಿ ಕೂರಲ್ಲ. ಉಪ್ಪಿನಕಾಯಿ ಇದ್ದ ಮುಚ್ಚಳವಾದರೆ ವಾಸನೆಯೂ ಬೋನಸ್.

ಬಾಟಲಿ ತೊಳೆದು, ನೀರಲ್ಲಿ ಹತ್ತು ನಿಮಿಷ ಕುದಿಸಿ, ಬಿಸಿಯಾಗೇ ಇಟ್ಟುಕೊಳ್ಳಿ. ತಣ್ಣನೆ ಗಾಜಿಗೆ 100 ಡಿಗ್ರಿಯ ಜಾಮ್ ಸುರಿದರೆ ಒಳಮೈ ಹಿಗ್ಗುತ್ತೆ, ಹೊರಮೈ ಹಿಗ್ಗಲ್ಲ, ತಳ ಕಳಚಿ ಬೀಳುತ್ತೆ. ಜಾಮ್ 85 ಡಿಗ್ರಿಗಿಂತ ಕೆಳಗಿಳಿಯೋ ಮೊದಲೇ, ಮೇಲೆ 6 ಮಿಲಿಮೀಟರ್ ಜಾಗ ಬಿಟ್ಟು ತುಂಬಿ. ಬಾಯಿಯ ಅಂಚನ್ನ ಬಿಸಿನೀರಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ. ಅಲ್ಲಿ ಅಂಟಿದ ಒಂದು ಹನಿ ಜಾಮ್ ಸಾಕು, ಸೀಲ್ ಕೂರಲ್ಲ. ಮುಚ್ಚಳ ಬೆರಳ ತುದಿಯ ಬಲಕ್ಕೆ ತಿರುಗಿಸಿ, ಭೀಮನ ಬಲ ಬೇಡ. ಒಳಗಿನ ಗಾಳಿ ಹೊರಗೆ ಹೋಗಬೇಕಲ್ಲ.

ಆಮೇಲೆ ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿಗಳನ್ನ ನೆಟ್ಟಗೆ ನಿಲ್ಲಿಸಿ, ಮುಚ್ಚಳದ ಮೇಲೆ ಎರಡೂವರೆ ಸೆಂಟಿಮೀಟರ್ ನಿಲ್ಲೋ ಹಾಗೆ ಬಿಸಿನೀರು ತುಂಬಿ ಕುದಿಸಿ. ಅಮೆರಿಕದ ಕೃಷಿ ಇಲಾಖೆಯ ಮಾರ್ಗಸೂಚಿ ಸಮುದ್ರಮಟ್ಟದಲ್ಲಿ ಜಾಮ್‌ಗೆ 5 ನಿಮಿಷ ಅನ್ನುತ್ತೆ, ಸುಮಾರು 300ರಿಂದ 1,800 ಮೀಟರ್ ಎತ್ತರಕ್ಕೆ 10 ನಿಮಿಷ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲಾ ಎರಡನೇ ಗುಂಪು. ನೀರು ಮತ್ತೆ ಕುದಿ ಹತ್ತಿದ ಮೇಲೆ ಗಡಿಯಾರ ಶುರು. ಆರಿಸಿ, ಐದು ನಿಮಿಷ ಬಿಟ್ಟು, ಇಕ್ಕಳದಿಂದ ಎತ್ತಿ ಒಣ ಬಟ್ಟೆ ಮೇಲಿಟ್ಟು, ಒಂದು ರಾತ್ರಿ ಮುಟ್ಟಬೇಡಿ. ಬಗ್ಗಿಸಬೇಡಿ, ಅಲ್ಲಾಡಿಸಬೇಡಿ, ಬಲೆ ಕಟ್ತಾ ಇರುತ್ತೆ.

ತಣ್ಣಗಾಗುವಾಗ ‘ಟಕ್’ ಅಂತ ಒಂದು ಸದ್ದು ಬರುತ್ತೆ. ಕುದಿಯುವಾಗ ಮೇಲಿನ ಖಾಲಿ ಜಾಗದಲ್ಲಿ ಆವಿ ತುಂಬಿ ಗಾಳಿಯನ್ನ ಹೊರಗೆ ತಳ್ಳಿತ್ತು, ಈಗ ಆವಿ ನೀರಾಯ್ತು, ಒತ್ತಡ ಬಿತ್ತು, ಹೊರಗಿನ ಗಾಳಿ ಮುಚ್ಚಳವನ್ನ ಒಳಕ್ಕೆ ಒತ್ತಿತು. ಬೆಂಗಳೂರಿನ ವಾಯುಭಾರ ಸುಮಾರು 91 ಕಿಲೋಪ್ಯಾಸ್ಕಲ್. ಒಳಗಿನ ಒತ್ತಡ ಅದರ ಅರ್ಧಕ್ಕೆ ಇಳಿದರೂ, 6 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಬೀಳೋ ಬಲ ಸುಮಾರು 127 ನ್ಯೂಟನ್, ಅಂದರೆ 13 ಕೆಜಿ ಅಕ್ಕಿ ಮೂಟೆ ಮೇಲಿಟ್ಟ ಹಾಗೆ. ಹೊಸ ಜಾಮ್ ಬಾಟಲಿ ತೆಗೆಯೋಕೆ ಹಾಸ್ಟೆಲ್‌ನಲ್ಲಿ ಮೂರು ಜನ ಬೇಕಾಗೋದು ಇದಕ್ಕೇ.

ಬೆಳಗ್ಗೆ ಪ್ರತಿ ಮುಚ್ಚಳದ ನಡುವೆ ಒತ್ತಿ ನೋಡಿ. ಒಳಕ್ಕೆ ತಗ್ಗಿ ಗಟ್ಟಿಯಾಗಿದ್ದರೆ ಕಪಾಟಿಗೆ. ಒತ್ತಿದಾಗ ಮೇಲೆ ಕೆಳಗೆ ಆಡಿದರೆ ಆ ಬಾಟಲಿ ಕೂತಿಲ್ಲ. ಫ್ರಿಜ್‌ನಲ್ಲಿಟ್ಟು ಅದನ್ನೇ ಮೊದಲು ಖಾಲಿ ಮಾಡಿ. ಲೇಬಲ್ ಮೇಲೆ ತಾರೀಖು, ಕೊನೆಯ ತೂಕ, ಪಿಎಚ್ ಬರೆಯಿರಿ. ಕತ್ತಲೆ, ತಂಪು ಜಾಗದಲ್ಲಿ ವರ್ಷದವರೆಗೂ ಇರುತ್ತೆ. ಬಣ್ಣ ಮಾತ್ರ ತಿಂಗಳು ತಿಂಗಳಿಗೂ ಸ್ವಲ್ಪ ಕಂದಾಗ್ತಾ ಹೋಗುತ್ತೆ. ತೆರೆದ ಮೇಲೆ ಫ್ರಿಜ್, ಒಣ ಚಮಚ. ಮೇಲೆ ಬೂಷ್ಟು ಕಂಡರೆ ಆ ಪದರ ತೆಗೆದು ಕೆಳಗಿನದ್ದು ತಿನ್ನೋ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಬೇಡ. ಕಣ್ಣಿಗೆ ಕಾಣೋ ಬೂಷ್ಟಿನ ಕೆಳಗೆ ಕಾಣದ ವಿಷ ಇಳಿದಿರಬಹುದು, ಇಡೀ ಬಾಟಲಿ ಚೆಲ್ಲಿ.

ಕಾಲೇಜ್ ಫೆಸ್ಟಿನಲ್ಲಿ ಸ್ಟಾಲ್ ಹಾಕಿ ಮಾರೋ ಯೋಚನೆ ಬಂದರೆ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು, ಆಮೇಲೆ ಪೋಸ್ಟರ್. ಮಾವು ಮುಗಿದರೆ ಅನಾನಸ್ ಇದೆ. ಅದು ಹುಳಿಯಲ್ಲಿ ಮಾವಿಗಿಂತ ಮೇಲು, ಪೆಕ್ಟಿನ್‌ನಲ್ಲಿ ಕೆಳಗೆ. ಪೆಕ್ಟಿನ್ ತುಂಬಿರೋ ಸೀಬೆಹಣ್ಣನ್ನ ಜೊತೆಗೆ ಹಾಕಿಕೊಳ್ಳಿ. ತೂಕದ ಲೆಕ್ಕ ಹೊಸದಾಗಿ ಮಾಡಿ.